ಉದುರುವ ಗೋಡೆಗೆ ಬೇಸಿನ್, ಹಿಡಿಕಂಬಿ ಕೂರಿಸುವುದು: 12 ದಿನದ ಕೆಲಸದ ದಾಖಲೆ

1ನೇ ದಿನ: ಕಳಚಿ ನೋಡಿದಾಗ

ಬೇಸಿನ್ನಿನ ಹಿಂದಿನ ಮೇಲಂಚು ಗೋಡೆ ಬಿಟ್ಟು 6 ಮಿಮೀ ಮುಂದೆ ಬಂದಿದೆ. ಸಿಲಿಕೋನ್ ಪಟ್ಟಿ ಉದ್ದಕ್ಕೂ ಹರಿದಿದೆ. ಮುಂದಿನ ಅಂಚನ್ನು ಮೆಲ್ಲಗೆ ಅದುಮಿದರೆ ಗೋಡೆಯೊಳಗೆ ಮರಳು ಜಾರುವ ಸಣ್ಣ ಸದ್ದು. ಇಂಥ ಹೊತ್ತಲ್ಲಿ ಕೈ ತಾನಾಗೇ ಸ್ಪ್ಯಾನರ್ ಕಡೆ ಹೋಗುತ್ತದೆ. ಬೇಡ. ನಟ್ಟು ಬಿಗಿದಷ್ಟೂ ಬೋಲ್ಟು ಈಚೆ ಬರುತ್ತದೆಯೇ ಹೊರತು ಬೇಸಿನ್ ಆಚೆ ಹೋಗುವುದಿಲ್ಲ. ಹಟ ಹಿಡಿದರೆ ಪಿಂಗಾಣಿ ಸೀಳುತ್ತದೆ, ಅಷ್ಟೆ.

ಆ್ಯಂಗಲ್ ಕಾಕ್ (ಬೇಸಿನ್ನಿಗೆ ನೀರು ಬಿಡುವ ಕವಾಟ) ಮುಚ್ಚಿ, ಕನೆಕ್ಷನ್ ಪೈಪ್ ಬಿಚ್ಚಿ, ಕೊಳೆನೀರು ಇಳಿಯುವ ಬಾಟಲ್ ಟ್ರ್ಯಾಪ್ ಕೆಳಗೆ ಬಕೆಟ್ ಇಟ್ಟು ಅದನ್ನೂ ಕಳಚಬೇಕು. ನಟ್ಟಿಗೆ ಕೈ ಹಾಕುವ ಮೊದಲೇ ಇನ್ನೊಬ್ಬರು ಬೇಸಿನ್ ಕೆಳಗೆ ಎರಡೂ ಕೈ ಕೊಟ್ಟಿರಬೇಕು, ಏಕೆಂದರೆ ಬೋಲ್ಟು ಯಾವ ಗಳಿಗೆಯಲ್ಲಿ ಕೈಗೆ ಬರುತ್ತದೆಂದು ಹೇಳಲಾಗದು. ಇಲ್ಲಿ ಎಡಗಡೆಯದು ನಟ್ಟಿನ ಜತೆಗೇ ಬಂತು: ಬೋಲ್ಟು, ಅದನ್ನು ಕಚ್ಚಿಕೊಂಡ ನೈಲಾನ್ ಪ್ಲಗ್, ಪ್ಲಗ್ಗಿನ ಹಲ್ಲುಗಳ ಸಂದಿಯಲ್ಲಿ ಮೆತ್ತಿಕೊಂಡ ಕಂದು ಪುಡಿ. ಬೋಲ್ಟು ಬಾಗಿಲ್ಲ, ಪ್ಲಗ್ ಹರಿದಿಲ್ಲ. ಅವೆರಡೂ ತಮ್ಮ ಪಾಲಿನ ಕೆಲಸ ಮಾಡಿದ್ದವು. ಹಿಡಿದುಕೊಳ್ಳಲು ಅಲ್ಲಿ ಏನೂ ಇರಲಿಲ್ಲ.

ತೂತಿನ ಬಾಯಲ್ಲಿ ಪದರಗಳನ್ನು ಅಳೆದರೆ ಕಾರಣ ಸಿಕ್ಕುತ್ತದೆ. ಟೈಲ್ 8 ಮಿಮೀ, ಅದರ ಹಿಂದಿನ ಗಾರೆ 15, ಹಳೆಯ ಗಿಲಾವು 14. ಒಟ್ಟು 37 ಮಿಮೀ. ಹಾಕಿದ್ದ ಪ್ಲಗ್ 50 ಮಿಮೀ ಉದ್ದದ್ದು. ಅಂದರೆ ಇಟ್ಟಿಗೆ ಸಾಲಿನೊಳಗೆ ಹೋದದ್ದು ಬರೀ 13 ಮಿಮೀ, ಅದೂ ಎಡಗಡೆಯಲ್ಲಿ ಎರಡು ಇಟ್ಟಿಗೆಗಳ ನಡುವಿನ ಸಂದಿಗೆ. ಟೈಲ್ಸ್, ಗಾರೆ, ಗಿಲಾವು ಇವೆಲ್ಲ ಗೋಡೆ ತೊಟ್ಟ ಅಂಗಿ. ಅಂಗಿಗೆ ಭಾರ ತೂಗುಹಾಕಿದರೆ ಅಂಗಿ ಹರಿಯುತ್ತದೆ. ಸಾಮಾನಿನ ಡಬ್ಬಿಯೊಳಗೆ ಬರುವ 30–40 ಮಿಮೀ ಪ್ಲಗ್‌ಗಳು ಟೈಲ್ಸ್ ಹಾಕಿದ ಹಳೆಯ ಗೋಡೆಯಲ್ಲಿ ಎಷ್ಟೋ ಸಲ ಇಟ್ಟಿಗೆಯನ್ನು ಮುಟ್ಟುವುದೇ ಇಲ್ಲ. ಆದ್ದರಿಂದ ಆಳದ ಲೆಕ್ಕವನ್ನು ಇಟ್ಟಿಗೆಯ ಮುಖದಿಂದ ಶುರುಮಾಡಬೇಕು, ಟೈಲಿನ ಮುಖದಿಂದಲ್ಲ.

ಮುಂದಿನ ಪ್ರಶ್ನೆ: ಆ ಇಟ್ಟಿಗೆಯಾದರೂ ಗಟ್ಟಿಯಿದೆಯೇ? ಬೇಸಿನ್ ಮುಚ್ಚಿಕೊಳ್ಳುವ ಜಾಗದಲ್ಲೇ 6 ಮಿಮೀ ಡ್ರಿಲ್ ಬಿಟ್ಟಿನಿಂದ ನಾಲ್ಕೈದು ಪರೀಕ್ಷೆಯ ತೂತು ಕೊರೆಯಬೇಕು, ಹ್ಯಾಮರ್ ಆಫ್ ಮಾಡಿ, ಬರೀ ತಿರುಗಣೆಯಲ್ಲಿ. ಟೈಲ್ ದಾಟಿದ ಮೇಲೆ ಬರುವ ಪುಡಿಯನ್ನು ಕಾಗದದ ಮೇಲೆ ಹಿಡಿದು ನೋಡಿ. ಕೆಂಪು ನುಣ್ಣನೆ ಪುಡಿಯಾದರೆ ಸುಟ್ಟ ಇಟ್ಟಿಗೆ. ಬೂದು ಬಣ್ಣದ ಒರಟು ಪುಡಿ, ಬಿಟ್ಟು ನಿಧಾನವಾಗಿ ಹೋದರೆ ಕಾಂಕ್ರೀಟ್ ಅಥವಾ ಸಾಲಿಡ್ ಬ್ಲಾಕ್. ಹಿಟ್ಟಿನಂಥ ಬಿಳಿ-ಬೂದು ಪುಡಿ ಬಂದು ಬಿಟ್ಟು ಬೆಣ್ಣೆಗೆ ಇಳಿದಂತೆ ಇಳಿದರೆ ಎಎಸಿ, ಅಂದರೆ ಗಾಳಿಗುಳ್ಳೆ ತುಂಬಿದ ಹಗುರ ಕಾಂಕ್ರೀಟ್ ಬ್ಲಾಕ್. ಹೋಗುತ್ತಾ ಹೋಗುತ್ತಾ ತಟಕ್ಕನೆ ಒಳಗೆ ಬಿದ್ದರೆ ಟೊಳ್ಳು ಬ್ಲಾಕ್. ಈ ಗೋಡೆಯಲ್ಲಿ ಮೂರು ತೂತು ಒಂದೇ ಸಮನೆ ಕೆಂಪು ಪುಡಿ ಕೊಟ್ಟವು. ಎರಡರಲ್ಲಿ ಬಿಟ್ಟು ಒತ್ತಡವೇ ಇಲ್ಲದೆ ಜಾರಿ ಕಂದು ಮಣ್ಣು ಬಂತು. ಇಟ್ಟಿಗೆ ಸುಮಾರಾಗಿದೆ, ಸಂದಿಯಲ್ಲಿರುವುದು ಸಿಮೆಂಟಲ್ಲ, ಮಣ್ಣು. ಹಳೆಯ ತೂತಿನೊಳಗೆ ಮೊಳೆ ಹಾಕಿ ಗೀರಿದರೆ ಸಂದಿ ಬೆರಳುದ್ದ ಬಿಚ್ಚಿಕೊಳ್ಳುತ್ತದೆ. ಗೋಡೆಯ ದಪ್ಪ ಒಂದಿಟ್ಟಿಗೆ ಅಡ್ಡಕ್ಕೆ, ಅಂದರೆ ಗಿಲಾವು ಬಿಟ್ಟು 115 ಮಿಮೀ. ಮೇಲೆ ತಾರಸಿಯ ಭಾರ ಹೊರುವ ಗೋಡೆಯಲ್ಲ, ಬರೀ ಅಡ್ಡಗೋಡೆ. ಭಾರ ಹೊರುವ ಗೋಡೆಯಾಗಿದ್ದರೆ ಮುಂದೆ ಹೇಳುವ ಗುಂಡಿ ಕೊರೆಯುವ ಕೆಲಸವನ್ನು ಎಂಜಿನಿಯರ್ ನೋಡದೆ ಮುಟ್ಟುವಂತಿಲ್ಲ.

ಕೊರೆಯುವ ಮುಂಚೆ ಎಂದಿನ ಎಚ್ಚರಿಕೆ: ನಲ್ಲಿಯ ನೇರ ಮೇಲೆ-ಕೆಳಗೆ, ಸ್ವಿಚ್ಚಿನ ನೇರ ಮೇಲೆ-ಕೆಳಗೆ-ಪಕ್ಕಕ್ಕೆ ತೂತು ಬೇಡ, ಪೈಪು ಮತ್ತು ವೈರು ಓಡುವುದು ಅದೇ ದಾರಿಯಲ್ಲಿ. ಗಾರೆಯ ನುಣ್ಣನೆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಕರವಸ್ತ್ರ ಸಾಲದು, ಧೂಳಿನ ಮಾಸ್ಕ್ ಮತ್ತು ಕನ್ನಡಕ ಇರಲಿ.

ತೇವವನ್ನೂ ಇದೇ ದಿನ ನೋಡಿಬಿಡಬೇಕು. ಗೋಡೆಯ ಆಚೆ ಬದಿಯಲ್ಲಿ, ಟೈಲ್ಸ್ ಇಲ್ಲದ ಕಡೆ, ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಅಂಟಿಸಿ 24 ಗಂಟೆ ಬಿಡಿ. ಒಳಮುಖದಲ್ಲಿ ನೀರಿನ ಹನಿ ಕಟ್ಟಿದರೆ ಗೋಡೆ ನೀರು ಕುಡಿಯುತ್ತಿದೆ. ಬಿಳಿ ಉಪ್ಪು ಹೂತು ಗಿಲಾವು ಚಕ್ಕೆಯಾಗಿ ಬೀಳುತ್ತಿದ್ದರೆ ಪರೀಕ್ಷೆಯೂ ಬೇಡ. ಅಂಥಲ್ಲಿ ಮೊದಲು ಸೋರಿಕೆ ನಿಲ್ಲಿಸಿ, ಗೋಡೆ ಒಣಗಿಸಿ, ಆಮೇಲೆ ಬೋಲ್ಟಿನ ಮಾತು.

ಬೋಲ್ಟಿನ ಮೇಲೆ ಬೀಳುವ ಎಳೆತ ಎಷ್ಟು?

ಬೇಸಿನ್ 14 ಕೆಜಿ ತೂಗುತ್ತದೆ, 14 ಕೆಜಿಗೆ ಇಷ್ಟೆಲ್ಲ ಯಾಕೆ ಅನ್ನಿಸುವುದು ಸಹಜ. ಬೋಲ್ಟನ್ನು ಕೀಳುವುದು ತೂಕವಲ್ಲ, ಸನ್ನೆ. ಬೇಸಿನ್ನಿನ ಕೆಳಂಚು ಗೋಡೆಗೆ ಆನಿಕೊಂಡು ಅಲ್ಲೇ ತಿರುಗಲು ನೋಡುತ್ತದೆ, ಮೇಲಿನ ಬೋಲ್ಟುಗಳು ಅದನ್ನು ತಡೆಯುತ್ತವೆ. ಕೆಳಂಚಿನಿಂದ ಬೋಲ್ಟಿಗೆ 12 ಸೆಂಮೀ ಎತ್ತರ ಎಂದಿಟ್ಟುಕೊಳ್ಳಿ. ಯಾರೋ ಮುಖ ತೊಳೆಯುತ್ತಾ ಮುಂದಿನ ಅಂಚಿಗೆ, ಗೋಡೆಯಿಂದ 42 ಸೆಂಮೀ ದೂರದಲ್ಲಿ, 60 ಕೆಜಿ ಭಾರ ಬಿಟ್ಟರು. 60×42 = 2520. ಬೇಸಿನ್ನಿನ ಸ್ವಂತ ತೂಕ 20 ಸೆಂಮೀ ದೂರದಲ್ಲಿ ಕೂತಂತೆ, 14×20 = 280. ಕೂಡಿದರೆ 2800; 12ರಿಂದ ಭಾಗಿಸಿದರೆ 233 ಕೆಜಿ ಎಳೆತ. ಒಂದೊಂದು ಬೋಲ್ಟಿಗೆ ಹೆಚ್ಚುಕಡಿಮೆ 117 ಕೆಜಿ. ಕೆಳಮುಖದ ಭಾರ ಬೇರೆ. ಯುರೋಪಿನ ಇಎನ್ 14688 ಮಾನದಂಡದಲ್ಲಿ ಗೋಡೆಗೆ ತೂಗುವ ಬೇಸಿನ್‌ಗೆ 1.5 ಕಿಲೋನ್ಯೂಟನ್, ಅಂದರೆ ಸುಮಾರು 150 ಕೆಜಿ ಭಾರ ಹೇರಿ ಒಂದು ಗಂಟೆ ಬಿಡುತ್ತಾರೆ. ಪಿಂಗಾಣಿ ಅದನ್ನು ತಾಳುವಂತೆ ತಯಾರಾಗಿರುತ್ತದೆ, ಗೋಡೆ ತಾಳಬೇಕಲ್ಲ.

ಹಿಡಿಕಂಬಿಯ ಮಾತು ಇನ್ನೂ ಗಂಭೀರ. ಜಾರಿದವರು ಅದನ್ನೇ ನಂಬಿ ಹಿಡಿಯುತ್ತಾರೆ. ಅಮೆರಿಕದ ಎಡಿಎ (ಅಂಗವಿಕಲರ ಹಕ್ಕಿನ ಕಾಯ್ದೆ) ನಿಯಮ ಅದಕ್ಕೆ 250 ಪೌಂಡ್, ಅಂದರೆ ಸುಮಾರು 113 ಕೆಜಿ ಬಲ ತಾಳಬೇಕು ಎನ್ನುತ್ತದೆ. ಟವೆಲ್ ಕಂಬಿ ಹಾಕಿದ ಹಾಗೆ ಅದನ್ನು ಹಾಕಿದರೆ, ಇಲ್ಲದಿದ್ದರೇ ವಾಸಿ.

ದಾರಿ ಯಾವುದು?

ಮೊದಲು ಕೈಬಿಡಬೇಕಾದದ್ದು ಕಬ್ಬಿಣದ ಆ್ಯಂಕರ್ ಫಾಸ್ಟ್ನರ್. ಅದು ಹಿಗ್ಗಿ ತೂತಿನ ಗೋಡೆಯನ್ನು ಸುತ್ತಲೂ ಒತ್ತುವುದರಿಂದ ಹಿಡಿಯುತ್ತದೆ. ಕಾಂಕ್ರೀಟಿನಲ್ಲಿ ಚಿನ್ನದಂಥ ವಸ್ತು. ಮಣ್ಣಿನ ಸಂದಿಯಲ್ಲಿ ಒತ್ತಿಸಿಕೊಳ್ಳುವವರೇ ಇಲ್ಲ, ಮೆತ್ತನೆ ಇಟ್ಟಿಗೆಯಲ್ಲಿ ಅದೇ ಒತ್ತಡ ಇಟ್ಟಿಗೆಯನ್ನು ಎರಡು ಹೋಳು ಮಾಡುತ್ತದೆ. ಇನ್ನೂ ದಪ್ಪನೆಯದು ಹಾಕಿದರೆ ಇನ್ನೂ ಬೇಗ ಸೀಳುತ್ತದೆ. ಎರಡನೆಯದು ಮರದ ಬೆಣೆ. ಬಚ್ಚಲಲ್ಲಿ ಅದು ನೆನೆದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ, ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಕೊಳೆತಿರುತ್ತದೆ. ಸಡಿಲ ತೂತಿಗೆ ಬೆಂಕಿಕಡ್ಡಿ ತುರುಕುವುದು, ಬಿಳಿ ಪುಟ್ಟಿ ಮೆತ್ತುವುದು ಕ್ಯಾಲೆಂಡರಿನ ಮೊಳೆಗೆ ಸರಿ.

ಉಳಿಯುವುದು ಮೂರು. ಗೋಡೆಯ ಆಚೆ ಬದಿ ಕಣ್ಣಿಗೆ ಬೀಳದ ಜಾಗವಾದರೆ ಆರುಪಾರು ಬೋಲ್ಟು, ಅಂದರೆ ಗೋಡೆಯನ್ನು ಈ ಬದಿಯಿಂದ ಆ ಬದಿಗೆ ದಾಟುವ ಬೋಲ್ಟು: 12 ಮಿಮೀ ತೂತು, 10 ಮಿಮೀ ಸ್ಟೇನ್‌ಲೆಸ್ ಥ್ರೆಡ್ ರಾಡ್, ಆಚೆಗೆ 100×100×6 ಮಿಮೀ ತಗಡು. ಎಳೆತವೆಲ್ಲ ತಗಡಿಗೆ ಹರಡಿ ಗೋಡೆಯ ಬೆನ್ನನ್ನು ಅಪ್ಪಿಕೊಳ್ಳುತ್ತದೆ, ಗೋಡೆ ಎಷ್ಟೇ ಪುಡಿಯಾದರೂ ಕೀಳುವುದಿಲ್ಲ. ಸಾಧ್ಯವಿದ್ದಲ್ಲಿ ಬೇರೆ ಯೋಚನೆಯೇ ಬೇಡ. ಎರಡನೆಯದು ಭಾರವನ್ನು ನೆಲಕ್ಕೆ ಇಳಿಸುವ ಚೌಕಟ್ಟು: 40×40×3 ಮಿಮೀ ಚೌಕ ಪೈಪಿನ ಎರಡು ಕಾಲು, ಮೇಲೆ ಅಡ್ಡಪಟ್ಟಿ. ಆದರೆ ಅದರ ಪಾದಕ್ಕೆ ಬಚ್ಚಲ ನೆಲ ಕೊರೆದರೆ ಟೈಲ್ಸ್ ಕೆಳಗಿನ ವಾಟರ್‌ಪ್ರೂಫಿಂಗ್ ಪದರ ತೂತಾಗುತ್ತದೆ, ಕೆಳಮನೆಯ ಚಾವಣಿಯಲ್ಲಿ ಕಲೆ ಮೂಡುತ್ತದೆ. ಪಾದವನ್ನು ಎಪಾಕ್ಸಿಯಿಂದ ಟೈಲ್ ಮೇಲೇ ಅಂಟಿಸಿ, ಮೇಲ್ತುದಿಯನ್ನು ಮಾತ್ರ ಗೋಡೆಗೆ ಹಿಡಿಸುವುದು ಮೇಲು. ಮೂರನೆಯದು ಗೋಡೆಯೊಳಗೇ ಗಟ್ಟಿ ಜಾಗ ಕಟ್ಟುವುದು, ಕಾಂಕ್ರೀಟ್ ದಿಮ್ಮಿ ಹೂಳಿ ಅದರಲ್ಲಿ ಬೋಲ್ಟು ನಿಲ್ಲಿಸುವುದು. ಇಲ್ಲಿ ಆಚೆ ಬದಿ ವಾಸದ ಕೋಣೆ, ತಗಡು ಕಾಣುವಂತಿಲ್ಲ. ಹಾಗಾಗಿ ಬೇಸಿನ್‌ಗೆ ದಿಮ್ಮಿ, ಹಿಡಿಕಂಬಿಗೆ ಕೆಮಿಕಲ್ ಆ್ಯಂಕರ್, ಅಂದರೆ ತೂತಿಗೆ ರೆಸಿನ್ ಅಂಟು ತುಂಬಿ ಅದರಲ್ಲಿ ನಿಲ್ಲಿಸುವ ರಾಡ್.

2 ಮತ್ತು 3ನೇ ದಿನ: ಕಾಂಕ್ರೀಟ್ ದಿಮ್ಮಿ

ಬೇಸಿನ್ನಿನ ಎರಡು ತೂತುಗಳ ನಡುವೆ 280 ಮಿಮೀ. ಬಹಳ ಬೇಸಿನ್‌ಗಳಲ್ಲಿ ಇದೇ ಅಳತೆ, ಆದರೂ ಕೈಯಲ್ಲಿರುವುದನ್ನು ಅಳೆದೇ ಗುರುತು ಹಾಕಬೇಕು. ಮೇಲಂಚು ನೆಲದಿಂದ 820 ಮಿಮೀ ಬರುವಂತೆ ಬೋಲ್ಟಿನ ಮಟ್ಟ ಗೆರೆ ಎಳೆದಾಯಿತು. ಎರಡೂ ಬೋಲ್ಟು ಒಂದೇ ಉದ್ದನೆ ದಿಮ್ಮಿಯಲ್ಲಿ ಬಂದರೆ ಚೆನ್ನ, ಆದರೆ 450 ಮಿಮೀ ಅಗಲಕ್ಕೆ ಗೋಡೆ ಬಿಡಿಸಿದರೆ ಮಣ್ಣಿನ ಸಂದಿಯ ಮೇಲಿನ ಸಾಲು ಕುಸಿದು ತಲೆಯ ಮೇಲೇ ಬೀಳಬಹುದು. ಅದಕ್ಕೇ ಬೇರೆಬೇರೆ ಎರಡು ಗುಂಡಿ, ಬಾಯಿ 160×160 ಮಿಮೀ, ಇಟ್ಟಿಗೆಯೊಳಗಿನ ಆಳ 95 ಮಿಮೀ. ನಡುವೆ 120 ಮಿಮೀ ಹಳೆಯ ಗೋಡೆ ಹಾಗೇ ಉಳಿಯುತ್ತದೆ. ಎರಡನ್ನೂ ಒಂದೇ ದಿನ ತೆಗೆಯಬಾರದು: ಮೊದಲನೆಯದು ತುಂಬಿ 24 ಗಂಟೆಯಾದ ಮೇಲೆ ಎರಡನೆಯದಕ್ಕೆ ಉಳಿ ಇಡಬೇಕು.

ಟೈಲಿನ ಅಂಚು ಸೀಳದಂತೆ ಗುಂಡಿಯ ಗೆರೆಯುದ್ದಕ್ಕೂ ಮೊದಲು ಗ್ರೈಂಡರಿನ ಡೈಮಂಡ್ ಬ್ಲೇಡಿನಿಂದ ಕತ್ತರಿಸಿಕೊಳ್ಳಬೇಕು. ಮೂಲೆ ದಾಟಿ ಕತ್ತರಿಸಿದರೆ ಆ ಗೀರು ಬೇಸಿನ್ ಪಕ್ಕದಲ್ಲಿ ಇಣುಕುತ್ತದೆ, ಮೂಲೆಗೆ 10 ಮಿಮೀ ಮುಂಚೆಯೇ ನಿಲ್ಲಿಸಿ, ಉಳಿದದ್ದನ್ನು ಉಳಿಯಿಂದ ಬಿಡಿಸಿ. ಇಟ್ಟಿಗೆಗೆ ದೊಡ್ಡ ಸುತ್ತಿಗೆ ಬೇಡ. ಬ್ರೇಕರ್ ಅಂತೂ ಬೇಡವೇ ಬೇಡ, ಆಚೆಯ ಗಿಲಾವು ಹಲಗೆಯಂತೆ ಕಳಚಿ ಬೀಳುತ್ತದೆ. 1 ಕೆಜಿ ಸುತ್ತಿಗೆ, ಚೂಪಾದ ಉಳಿ, ಸಂದಿಯಿಂದ ಶುರು. ಮಣ್ಣಿನ ಗಾರೆಯ ಒಂದೇ ಉಪಕಾರ ಇದು: ಇಟ್ಟಿಗೆ ಇಡಿಯಾಗಿ ಕೈಗೆ ಬರುತ್ತದೆ.

ಗುಂಡಿಯ ಆಕಾರದಲ್ಲೇ ಅರ್ಧ ಶಕ್ತಿ ಇರುವುದು. ಒಳಗಡೆ ನಾಲ್ಕೂ ಬದಿಗೆ ಬಾಯಿಗಿಂತ 10–15 ಮಿಮೀ ಅಗಲವಾಗಿರಬೇಕು, ಕತ್ತು ಸಣ್ಣದು ಹೊಟ್ಟೆ ದೊಡ್ಡದು, ಬಿಂದಿಗೆಯ ಹಾಗೆ. ಆಗ ದಿಮ್ಮಿ ಈಚೆ ಬರಬೇಕೆಂದರೆ ಸುತ್ತಲಿನ ಇಟ್ಟಿಗೆಗಳನ್ನೂ ಎಳೆದುಕೊಂಡೇ ಬರಬೇಕು. ನೇರ ಗೋಡೆಯ ಗುಂಡಿಯಾದರೆ ಕಾಂಕ್ರೀಟು ಎಷ್ಟು ಗಟ್ಟಿಯಾದರೂ ಬಿರಡೆಯ ಹಾಗೆ ಸಲೀಸಾಗಿ ಹೊರಬರುತ್ತದೆ. ಸುತ್ತಲಿನ ಮಣ್ಣಿನ ಸಂದಿಯನ್ನು 25 ಮಿಮೀ ಆಳ ಕೆರೆದು ತೆಗೆಯಿರಿ. ಕಾಂಕ್ರೀಟ್ ಆ ಸಂದಿಗೂ ನುಗ್ಗಿ ಬೇರು ಬಿಟ್ಟಂತೆ ಕೂರುತ್ತದೆ. ಕೊನೆಗೆ ಬ್ರಷ್ಷಿನಲ್ಲಿ ಧೂಳು ಪೂರ್ತಿ ಗುಡಿಸಿ, ಹಿಂದಿನ ರಾತ್ರಿಯೇ ನೀರು ಚಿಮುಕಿಸಿ, ತುಂಬುವ ಮೊದಲು ಇನ್ನೊಮ್ಮೆ. ಒಣ ಇಟ್ಟಿಗೆ ಕಾಂಕ್ರೀಟಿನ ನೀರನ್ನೆಲ್ಲ ಹೀರಿಕೊಂಡರೆ ಸಿಮೆಂಟ್ ಗಟ್ಟಿಯಾಗುವ ಬದಲು ಪುಡಿಯಾಗುತ್ತದೆ. ಹಾಗಂತ ನೀರು ನಿಂತಿರಬಾರದು, ಒದ್ದೆ ಇದ್ದರೆ ಸಾಕು.

ಬೋಲ್ಟು: 10 ಮಿಮೀ ಸ್ಟೇನ್‌ಲೆಸ್ ಥ್ರೆಡ್ ರಾಡ್. ಒಳತುದಿಗೆ 50×50×5 ಮಿಮೀ ತಗಡು, ಅದರ ಎರಡೂ ಬದಿಗೆ ಒಂದೊಂದು ನಟ್ಟು. ತಗಡು ಗುಂಡಿಯ ಹಿಂಬದಿಯಿಂದ 15 ಮಿಮೀ ಈಚೆ, ಅಂದರೆ ಕಾಂಕ್ರೀಟಿನೊಳಗೆ 80 ಮಿಮೀ. ಅಲ್ಲಿಂದ ಈಚೆಗೆ ಗಾರೆ-ಟೈಲ್ಸ್ ಪದರ 37, ಬೇಸಿನ್ನಿನ ಹಿಂದಿನ ಪಿಂಗಾಣಿ ದಪ್ಪ, ವಾಷರ್, ನಟ್ಟು ಎಲ್ಲ ಸೇರಿಸಿ ರಾಡ್ 190 ಮಿಮೀ ಕತ್ತರಿಸಿದರೆ ಸಾಲುತ್ತದೆ. ಹೆಚ್ಚಾದರೆ ಆಮೇಲೆ ಕತ್ತರಿಸಬಹುದು, ಕಡಿಮೆಯಾದರೆ ಕಾಂಕ್ರೀಟ್ ಒಡೆಯಬೇಕು. ಎರಡು ರಾಡುಗಳ ಅಂತರ ತಪ್ಪದಿರಲು 12 ಮಿಮೀ ಪ್ಲೈವುಡ್ ತುಂಡಿನಲ್ಲಿ 280 ಮಿಮೀ ಅಂತರಕ್ಕೆ ಎರಡು ತೂತು ಕೊರೆದು ಅಚ್ಚು ಮಾಡಿಕೊಳ್ಳಬೇಕು. ಮೊದಲ ದಿನದ ರಾಡ್ ಗಟ್ಟಿಯಾದ ಮೇಲೆ ಅದೇ ಅಚ್ಚನ್ನು ಅದಕ್ಕೆ ಸಿಕ್ಕಿಸಿ, ಸ್ಪಿರಿಟ್ ಲೆವೆಲ್ ಇಟ್ಟು, ಎರಡನೆಯ ರಾಡನ್ನು ಅಚ್ಚಿನ ಇನ್ನೊಂದು ತೂತಿನಲ್ಲಿ ನಿಲ್ಲಿಸಬೇಕು. 3 ಮಿಮೀ ಆಚೀಚೆಯಾದರೂ ಪಿಂಗಾಣಿಯ ತೂತಿಗೆ ರಾಡ್ ತಿಕ್ಕುತ್ತದೆ, ಬಿಗಿಯುವಾಗ ಸೀಳು ಬಿಡುವುದು ಅಲ್ಲಿಂದಲೇ.

ಕಾಂಕ್ರೀಟಿನ ಲೆಕ್ಕ: ಗುಂಡಿಯ ಗಾತ್ರ ಸುಮಾರು 2.4 ಲೀಟರ್, ಒಳ ಅಗಲಿಕೆ ಸೇರಿ 3 ಲೀಟರ್ ಹತ್ತಿರ. 1:1½:3 ಪ್ರಮಾಣ. ಒಂದು ಗುಂಡಿಗೆ ಸಿಮೆಂಟ್ 1.25 ಕೆಜಿ, ಜರಡಿ ಹಿಡಿದ ಮರಳು 1.3 ಲೀಟರ್, 10–12 ಮಿಮೀ ಜಲ್ಲಿ 2.6 ಲೀಟರ್, ನೀರು 600 ಮಿಲಿ. 20 ಮಿಮೀ ಜಲ್ಲಿ ಬೇಡ, ತಗಡಿನ ಹಿಂದಕ್ಕೆ ಹೋಗದೆ ಪೊಳ್ಳು ಬಿಡುತ್ತದೆ. ಕಲಸಿದ್ದು ಕೈಯಲ್ಲಿ ಉಂಡೆ ಕಟ್ಟಬೇಕು, ಬೆರಳ ಸಂದಿಯಿಂದ ಹರಿಯಬಾರದು. ಕೆಲಸ ಸಲೀಸಾಗಲೆಂದು ನೀರು ಹೆಚ್ಚು ಹಾಕುವುದು ಇಲ್ಲಿ ಆಗುವ ಮುಖ್ಯ ತಪ್ಪು: ಹಾಗೆ ಮಾಡಿದರೆ ಕಾಂಕ್ರೀಟ್ ಕೆಳಗೆ ಕುಗ್ಗಿ ಗುಂಡಿಯ ಮೇಲ್ಛಾವಣಿಗೂ ದಿಮ್ಮಿಗೂ ನಡುವೆ ಕೂದಲೆಳೆಯ ಸಂದಿ ಬಿಡುತ್ತದೆ.

ಗುಂಡಿಗೆ ಸಿಮೆಂಟ್ ತಿಳಿ ಬಳಿದು, ಅದು ಒಣಗುವ ಮೊದಲೇ ತುಂಬಲು ಶುರು. ಬಾಯಿಗೆ ಅಡ್ಡ ಹಲಗೆ ಕಟ್ಟಿ ಮೇಲ್ಗಡೆ 40 ಮಿಮೀ ಮಾತ್ರ ತೆರೆದಿಟ್ಟು ಅಲ್ಲಿಂದ ಹಿಡಿಹಿಡಿ ಹಾಕುತ್ತಾ, 10 ಮಿಮೀ ಕಂಬಿಯಿಂದ ಮೂಲೆಮೂಲೆಗೂ ಕುಟ್ಟಬೇಕು. ತಗಡಿನ ಹಿಂದೆ ತುಂಬಿತೇ ಎಂದು ತಿಳಿಯಲು ರಾಡಿನ ಹೊರತುದಿಯನ್ನು ಸುತ್ತಿಗೆ ಹಿಡಿಯಿಂದ ಮೆಲ್ಲಗೆ ತಟ್ಟಿ: ಟಣ್ ಎಂದರೆ ಪೊಳ್ಳಿದೆ, ಇನ್ನಷ್ಟು ಕುಟ್ಟಬೇಕು. ಮಂಕಾಗಿ ದಬ್ ಎಂದರೆ ತುಂಬಿದೆ. ಕೊನೆಯ 40 ಮಿಮೀ ಬಾಯಿಗೆ 1:3 ಗಾರೆಯನ್ನು ಒದ್ದೆ ಮರಳಿನಷ್ಟು ಮಾತ್ರ ತೇವ ಮಾಡಿ, ಮರದ ತುಂಡು ಇಟ್ಟು ಸುತ್ತಿಗೆಯಿಂದ ಒಳಕ್ಕೆ ಜಡಿಯಬೇಕು. ಒಣ ಗಾರೆ ಕುಗ್ಗುವುದಿಲ್ಲ, ಮೇಲಿನ ಸಾಲಿಗೆ ಬಿಗಿಯಾಗಿ ಆನಿಕೊಳ್ಳುತ್ತದೆ. ದಿಮ್ಮಿಯ ಮುಖ ಇಟ್ಟಿಗೆಯ ಮಟ್ಟಕ್ಕೆ ನಿಲ್ಲಲಿ.

ಮರುದಿನ ಹಲಗೆ ಬಿಚ್ಚಿ ಒದ್ದೆ ಗೋಣಿತಾಟು ಮುಚ್ಚಿ, ಮೇಲೆ ಪ್ಲಾಸ್ಟಿಕ್. ದಿನಕ್ಕೆ ಮೂರು ಸಲ ನೀರು, ಏಳು ದಿನ. ಏಳು ದಿನಕ್ಕೆ ಕಾಂಕ್ರೀಟ್ ತನ್ನ 28 ದಿನದ ಬಲದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಗಳಿಸಿರುತ್ತದೆ, ಬೇಸಿನ್ ತೂಗುಹಾಕಲು ಅಷ್ಟು ಸಾಕು. ಈ ಏಳು ದಿನ ರಾಡನ್ನು ಯಾರೂ ಹಿಡಿದು ಅಲ್ಲಾಡಿಸಬಾರದು. ಅದಕ್ಕೆ ಟವೆಲ್ ನೇತುಹಾಕುವವರೂ ಇರುತ್ತಾರೆ.

4ನೇ ದಿನ: ಹಿಡಿಕಂಬಿ

ಕಂಬಿಯ ಎರಡು ತುದಿಯ ದುಂಡು ಬಿಲ್ಲೆಯಲ್ಲಿ ಮೂರು ಮೂರು ತೂತು, ಒಂದಕ್ಕೊಂದು 50 ಮಿಮೀ ದೂರ. ಜಾಲರಿ ಕೊಳವೆ ಹಾಕುವ ಕೆಮಿಕಲ್ ಆ್ಯಂಕರಿಗೆ 16 ಮಿಮೀ ತೂತು ಬೇಕು. ಮೆತ್ತನೆ ಇಟ್ಟಿಗೆಯೊಂದರಲ್ಲಿ 50 ಮಿಮೀ ಅಂತರಕ್ಕೆ 16 ಮಿಮೀ ತೂತು ಮೂರು ಕೊರೆದರೆ ಇಟ್ಟಿಗೆ ಇಟ್ಟಿಗೆಯಾಗಿ ಉಳಿಯುವುದಿಲ್ಲ. ಆದ್ದರಿಂದ ಬಿಲ್ಲೆಯನ್ನು ನೇರ ಗೋಡೆಗೆ ಹಾಕದೆ ನಡುವೆ ಒಂದು ತಗಡು: 220×220×5 ಮಿಮೀ, 304 ದರ್ಜೆಯ ಸ್ಟೇನ್‌ಲೆಸ್, ಮೂಲೆ ದುಂಡು ಮಾಡಿದ್ದು. ನಾಲ್ಕು ಮೂಲೆಯಲ್ಲಿ ನಾಲ್ಕು ಆ್ಯಂಕರ್, ಮಧ್ಯದಲ್ಲಿ ಬಿಲ್ಲೆಗೆ 6 ಮಿಮೀ ಥ್ರೆಡ್ ಹೊಡೆದ ಮೂರು ತೂತು. ಎಳೆತ ಒಂದಿಟ್ಟಿಗೆಯ ಬದಲು ನಾಲ್ಕಕ್ಕೆ ಹಂಚಿಹೋಗುತ್ತದೆ. ನೋಡಲು ಸ್ವಲ್ಪ ಒರಟು, ಒಪ್ಪಿಕೊಳ್ಳಬೇಕು.

ಮೂಲೆಯ ತೂತುಗಳನ್ನು ಮೊದಲೇ ಕೊರೆಸಿಟ್ಟುಕೊಳ್ಳಬೇಡಿ. ತಗಡಿನ ಮರೆಯಲ್ಲಿ 6 ಮಿಮೀ ಪರೀಕ್ಷೆಯ ತೂತು ಹಾಕಿ ಸಂದಿ ಎಲ್ಲಿ ಹಾಯುತ್ತದೆ, ಇಟ್ಟಿಗೆಯ ನಡುಭಾಗ ಎಲ್ಲಿ ಎಂದು ಗುರುತಿಸಿ, ಆಮೇಲೆ ತಗಡಿಗೆ ತೂತು. ಇಲ್ಲಿ ಒಂದು ಸಾಲು ಸಂದಿ ಸೇರಿ 85 ಮಿಮೀ ಇದ್ದುದರಿಂದ ಮೇಲಿನ ಮತ್ತು ಕೆಳಗಿನ ಆ್ಯಂಕರ್‌ಗಳ ಅಂತರ 170 ಮಿಮೀ, ಸರಿಯಾಗಿ ಎರಡು ಸಾಲು.

ಟೈಲ್ ಕೊರೆಯುವಾಗ ಟೇಪ್ ಅಂಟಿಸಿ, ಡೈಮಂಡ್ ಕೋರ್ ಬಿಟ್ಟನ್ನು 45 ಡಿಗ್ರಿ ಓರೆಯಾಗಿ ಹಿಡಿದು ಅರ್ಧಚಂದ್ರದಷ್ಟು ಗೀರು ಬಿದ್ದ ಮೇಲೆ ನೇರ ಮಾಡಬೇಕು. ಸ್ಪಂಜಿನಿಂದ ಹನಿ ನೀರು, ಮಷಿನ್ನಿಗೆ ತಾಗದಂತೆ. ಟೈಲಿನ ತೂತು 18 ಮಿಮೀ, ಒಳಗಿನದು 16. ಟೈಲಿಗೆ ಆ್ಯಂಕರ್ ತಗುಲಿದರೆ ಎಳೆತ ಬಿದ್ದಾಗ ಮೊದಲು ಸೀಳುವುದು ಟೈಲೇ. ಇಟ್ಟಿಗೆಯೊಳಗೂ ಹ್ಯಾಮರ್ ಹಾಕಬಾರದು. ಆಳ ಟೈಲಿನ ಮುಖದಿಂದ 135 ಮಿಮೀ, ಬಿಟ್ಟಿಗೆ ಟೇಪ್ ಸುತ್ತಿ ಗುರುತು ಮಾಡಿಕೊಳ್ಳಿ. ಇಟ್ಟಿಗೆಯಲ್ಲಿ ಉಳಿಯುವುದು 17 ಮಿಮೀ ಮಾತ್ರ, ಕೈ ಜಾರಿದರೆ ಆಚೆ ಕೋಣೆಗೆ ಬೆಳಕು ಕಾಣುತ್ತದೆ.

ಪುಡಿ ತೆಗೆಯುವುದು ಈ ಕೆಲಸದ ಜೀವ. ಊದು, ತಂತಿ ಬ್ರಷ್ ಹಾಕಿ ತಿರುಗಿಸು, ಮತ್ತೆ ಊದು. ಕಡಿಮೆಯೆಂದರೆ ಎರಡು ಸುತ್ತು. ಬಾಯಲ್ಲಿ ಊದಿದರೆ ತೂತಿನೊಳಗೆ ತೇವವೂ ಸೇರುತ್ತದೆ, ಧೂಳು ಕಣ್ಣಿಗೂ ಬರುತ್ತದೆ, ಕೈಪಂಪ್ ಇಟ್ಟುಕೊಳ್ಳಿ. ಪುಡಿ ಉಳಿದರೆ ರೆಸಿನ್ ಅಂಟುವುದು ಪುಡಿಗೆ, ಇಟ್ಟಿಗೆಗಲ್ಲ. ಆಗ ಆ್ಯಂಕರ್ ಗಟ್ಟಿಯಾದ ಕಡ್ಡಿಯಾಗಿ ಇಡಿಯಾಗಿ ಹೊರಬರುತ್ತದೆ.

16×130 ಮಿಮೀ ಜಾಲರಿ ಕೊಳವೆ ಅಳತೆ ನೋಡಿ ಒಳಗೆ ತಳ್ಳಿ. 85 ಮಿಮೀ ಕೊಳವೆ ಸುಲಭವಾಗಿ ಸಿಗುತ್ತದೆ, ಆದರೆ 37 ಮಿಮೀ ಅಂಗಿಗೇ ಹೋದರೆ ಇಟ್ಟಿಗೆಗೆ 48 ಉಳಿಯುತ್ತದೆ. ರೆಸಿನ್ ಟ್ಯೂಬಿಗೆ ಹೊಸ ನಳಿಗೆ ಸಿಕ್ಕಿಸಿದಾಗ ಮೊದಲು ಬರುವ ರೆಸಿನ್ ಸರಿಯಾಗಿ ಬೆರೆತಿರುವುದಿಲ್ಲ. ಬಣ್ಣ ಒಂದೇ ಸಮ ಬರುವವರೆಗೆ, ಗೇಣುದ್ದ ಹತ್ತಿರ, ಕಾಗದದ ಮೇಲೆ ಬಿಟ್ಟು ಎಸೆಯಿರಿ. ನಳಿಗೆಯನ್ನು ಕೊಳವೆಯ ತಳಕ್ಕೆ ಮುಟ್ಟಿಸಿ, ತುಂಬುತ್ತಾ ಹಿಂದಕ್ಕೆ ಎಳೆಯಬೇಕು. ಬಾಯಿಂದ ತುಂಬಿದರೆ ಒಳಗೆ ಗಾಳಿ ಉಳಿಯುತ್ತದೆ. ಒಂದು ತೂತಿಗೆ ಸುಮಾರು 26 ಮಿಲಿ. ಎಂಟು ತೂತಿಗೆ 210, ಬಿಸಾಡಿದ್ದು, ಜಾಲರಿಯಿಂದ ಸಂದಿಗೆ ನುಗ್ಗಿದ್ದು ಸೇರಿಸಿದರೆ 300 ಮಿಲಿ ಟ್ಯೂಬ್ ಒಂದು ಹತ್ತಿರಹತ್ತಿರ ಮುಗಿಯುತ್ತದೆ. ಎರಡು ನಳಿಗೆ ಹೆಚ್ಚಿಗೆ ಇಟ್ಟುಕೊಳ್ಳಿ: ನಡುವೆ ಕೆಲ ನಿಮಿಷ ಬಿಟ್ಟರೆ ನಳಿಗೆಯೊಳಗೇ ರೆಸಿನ್ ಕಲ್ಲಾಗುತ್ತದೆ.

8 ಮಿಮೀ ರಾಡನ್ನು ಬೆರಳಲ್ಲಿ ತಿರುಗಿಸುತ್ತಾ ತಳದವರೆಗೆ ಇಳಿಸಿದಾಗ ಬಾಯಲ್ಲಿ ಒಂದಿಷ್ಟು ರೆಸಿನ್ ಉಕ್ಕಬೇಕು. ಉಕ್ಕದಿದ್ದರೆ ಒಳಗೆ ಟೊಳ್ಳಿದೆ, ರಾಡ್ ತೆಗೆದು ಇನ್ನಷ್ಟು ಹಾಕಿ. ತಕ್ಷಣ ತಗಡನ್ನು ನಾಲ್ಕೂ ರಾಡಿಗೆ ಸಿಕ್ಕಿಸಿ ಸಾಲು ಸರಿಮಾಡಿ, ಆಮೇಲೆ ಮುಟ್ಟಬೇಡಿ. ಗಟ್ಟಿಯಾಗುವ ಹೊತ್ತು ಹವೆಯ ಬಿಸಿಯ ಮೇಲೆ ನಿಂತಿದೆ, ಟ್ಯೂಬಿನ ಮೇಲಿನ ಪಟ್ಟಿಯೇ ಪ್ರಮಾಣ. ಗೋಡೆ ಒದ್ದೆ ಇದ್ದರೆ ಪಟ್ಟಿಯಲ್ಲಿ ಹೇಳಿದ್ದರ ಎರಡರಷ್ಟು ಕಾಯುವುದು ರೂಢಿ. ಇಲ್ಲಿ ಒಂದು ರಾತ್ರಿ ಬಿಟ್ಟು, ಮರುದಿನ ತಗಡಿನ ಹಿಂದೆ ಸಿಲಿಕೋನ್ ಬಳಿದು ನಟ್ಟು ಬಿಗಿದದ್ದು. ಮೆತ್ತನೆ ಇಟ್ಟಿಗೆಯಲ್ಲಿ ಸ್ಪ್ಯಾನರಿನ ಮೇಲೆ ಬಲ ಹಾಕಿ ಬಿಗಿದರೆ ರೆಸಿನ್ ಇಟ್ಟಿಗೆಯಿಂದ ಬಿಟ್ಟುಬರುತ್ತದೆ. ಗಟ್ಟಿಯಾಗಿ ಮುಟ್ಟಿದ ಮೇಲೆ ಕಾಲು ಸುತ್ತು ಸಾಕು.

5ನೇ ದಿನ: ಸಣ್ಣಪುಟ್ಟವು

ಟವೆಲ್ ಕಂಬಿಗೆ ಇಷ್ಟೆಲ್ಲ ಬೇಡ. 8 ಮಿಮೀ ತೂತು, 80 ಮಿಮೀ ಉದ್ದದ ನೈಲಾನ್ ಪ್ಲಗ್, ಇಟ್ಟಿಗೆಯ ನಡುವಿಗೆ. ಪ್ಲಗ್ಗಿನ ತಲೆ ಟೈಲಿನ ಹಿಂದಕ್ಕೆ ಹೋಗುವವರೆಗೆ ತಳ್ಳಬೇಕು. ಟೈಲಿನ ದಪ್ಪದೊಳಗೇ ಹಿಗ್ಗಿದರೆ ಟೈಲ್ ಬಿರುಕು. ಸ್ಕ್ರೂ 5 ಮಿಮೀ, ಪ್ಲಗ್ಗಿನ ತುದಿಯಿಂದ 5 ಮಿಮೀ ಆಚೆ ಹೋಗುವಷ್ಟು ಉದ್ದ. ಪುಡಿ ಉದುರಿ ಅಗಲವಾದ ಹಳೆಯ ತೂತನ್ನೇ ಬಳಸುವುದಾದರೆ ಅದನ್ನು ಗುಡಿಸಿ, ಎರಡು ಭಾಗದ ಎಪಾಕ್ಸಿ ಪುಟ್ಟಿ ತುಂಬಿ, ಪ್ಲಗ್ ಒತ್ತಿ, ಒಂದು ದಿನ ಬಿಟ್ಟು ಸ್ಕ್ರೂ ಹಾಕಿ. ಕನ್ನಡಿ ಪೆಟ್ಟಿಗೆಗೆ ಉದ್ದನೆ ಅಲ್ಯೂಮಿನಿಯಂ ಪಟ್ಟಿಯೊಂದನ್ನು ಆರು ಕಡೆ ಸ್ಕ್ರೂ ಹಾಕಿ ಗೋಡೆಗೆ ಹಿಡಿಸಿ, ಪೆಟ್ಟಿಗೆಯನ್ನು ಅದರ ಮೇಲೆ ಸಿಕ್ಕಿಸಬಹುದು, ಆರರಲ್ಲಿ ಎರಡು ಮಣ್ಣಿಗೆ ಬಿದ್ದರೂ ನಾಲ್ಕು ಹಿಡಿಯುತ್ತವೆ. ಕನ್ನಡಿಯ ಹಿಂದೆ ವಿನೆಗರ್ ವಾಸನೆಯ ಸಿಲಿಕೋನ್ ಹಚ್ಚಿದರೆ ಬೆಳ್ಳಿಯ ಲೇಪ ಕಪ್ಪಾಗುತ್ತದೆ, ನ್ಯೂಟ್ರಲ್ ಎಂದು ಬರೆದದ್ದೇ ಆಗಬೇಕು. ಸತು ಲೇಪದ ಸ್ಕ್ರೂ ಬಚ್ಚಲಲ್ಲಿ ತುಕ್ಕು ಹಿಡಿದು ಟೈಲ್ ಮೇಲೆ ಕೆಂಪು ಗೆರೆ ಇಳಿಸುತ್ತದೆ. 304 ಸ್ಟೇನ್‌ಲೆಸ್ ಹಾಕಿ, ಸಮುದ್ರದ ಗಾಳಿ ಬೀಸುವ ಕಡೆ 316.

10ರಿಂದ 12ನೇ ದಿನ: ಬೇಸಿನ್

10ನೇ ದಿನ ಗೋಣಿತಾಟು ತೆಗೆದು, ದಿಮ್ಮಿಯ ಮುಖದಿಂದ ಟೈಲಿನ ಹಿಂಬದಿಯವರೆಗಿನ 29 ಮಿಮೀ ತಗ್ಗನ್ನು 1:3 ಗಾರೆಯಿಂದ ಎರಡು ಸಲಕ್ಕೆ ತುಂಬಿ, ಕತ್ತರಿಸಿದ ಟೈಲ್ ತುಂಡನ್ನು ಅಂಟಿನಿಂದ ಕೂರಿಸಿದ್ದು. ಟೈಲಿನಲ್ಲಿ ರಾಡಿನ ಸುತ್ತ 2 ಮಿಮೀ ಬಿಡುವಿರಲಿ, ಅಲ್ಲಿ ಸಿಲಿಕೋನ್ ತುಂಬಬೇಕು. ಗೋಡೆ ಮತ್ತೆ ಪುಡಿಯಾಗುವುದು ಈ ತೂತಿನಿಂದ ಇಳಿಯುವ ನೀರಿನಿಂದಲೇ.

12ನೇ ದಿನ ಬೇಸಿನ್ ಏರಿತು. ಪಿಂಗಾಣಿಗೂ ನಟ್ಟಿಗೂ ನಡುವೆ ನೈಲಾನ್ ಬುಷ್ ಮತ್ತು ವಾಷರ್ ಕಡ್ಡಾಯ. ಎಡ-ಬಲ ಒಂದರ ನಂತರ ಒಂದು, ಅರ್ಧರ್ಧ ಸುತ್ತು, ಲೆವೆಲ್ ನೋಡುತ್ತಾ. ಕೈಯಲ್ಲಿ ಬಿಗಿಯಾದ ಮೇಲೆ ಸ್ಪ್ಯಾನರಿಂದ ಕಾಲು ಸುತ್ತು. ಗೋಡೆ ಉಬ್ಬುತಗ್ಗಾಗಿ ಬೇಸಿನ್ನಿನ ಒಂದು ಮೂಲೆ ಆನದಿದ್ದರೆ ಬಿಗಿದು ಸರಿಮಾಡಲು ಹೋಗದೆ ಆ ಜಾಗಕ್ಕೆ ಪ್ಲಾಸ್ಟಿಕ್ ಚಕ್ಕೆ ಕೊಡಿ. ಕೆಳಂಚು ಗೋಡೆಗೆ ಪೂರ್ತಿ ಆನಿರಬೇಕು, ಸನ್ನೆಯ ಲೆಕ್ಕವೆಲ್ಲ ನಿಂತಿರುವುದು ಆ ಅಂಚಿನ ಮೇಲೆ.

ಪರೀಕ್ಷೆಗೆ ಮೇಲಂಚಿನ ಪಕ್ಕದ ಟೈಲ್ ಮೇಲೆ ಪೆನ್ಸಿಲ್ ಗೆರೆ. ಮುಂದಿನ ಅಂಚಿಗೆ ಹಗ್ಗ ಕಟ್ಟಿ, ಕೆಳಗೆ ತೂಗುವ ಬಕೆಟ್ಟಿಗೆ ಹತ್ತು ಹತ್ತು ಲೀಟರ್ ನೀರು ಹಾಕುತ್ತಾ ಎರಡು ಬಕೆಟ್ಟಿನಲ್ಲಿ 40 ಲೀಟರ್‌ವರೆಗೆ. ಹಗ್ಗದ ಕೆಳಗೆ ಬಟ್ಟೆ ಇಡಿ, ಬೇಸಿನ್ ಕೆಳಗೆ ಕಾಲು ಇಡಬೇಡಿ. ಒಂದು ಗಂಟೆ. ಗೆರೆ ಕದಲಲಿಲ್ಲ, ಹಿಂದಿನ ಸಂದಿಗೆ ಕಾಗದ ತೂರಲಿಲ್ಲ. ಹಿಡಿಕಂಬಿಯನ್ನು ಒಬ್ಬರು ಕಾಲು ನೆಲದಲ್ಲೇ ಇಟ್ಟು ದೇಹದ ಭಾರ ಬಿಟ್ಟು ಎಳೆದು ನೋಡಿ, ತಗಡಿನ ಅಂಚಿನ ಸಿಲಿಕೋನ್ ಎಲ್ಲಿಯಾದರೂ ಬಾಯಿ ಬಿಟ್ಟಿದೆಯೇ ಎಂದು ಬೆರಳಾಡಿಸಿದ್ದು ಆಮೇಲೆ.

ಸಿಲಿಕೋನ್ ಮೇಲಂಚಿಗೆ ಮತ್ತು ಎರಡು ಪಕ್ಕಕ್ಕೆ ಮಾತ್ರ. ಕೆಳಂಚು ತೆರೆದಿರಲಿ: ಹಿಂದೆ ಎಲ್ಲಿಯಾದರೂ ನೀರು ಜಿನುಗಿದರೆ ಅಲ್ಲಿಂದ ಇಳಿದು ಕಣ್ಣಿಗೆ ಬೀಳುತ್ತದೆ, ಗೋಡೆಯೊಳಗೆ ಉಳಿಯುವುದಿಲ್ಲ. ಟ್ರ್ಯಾಪ್, ಕನೆಕ್ಷನ್ ಪೈಪ್ ಜೋಡಿಸಿ ಬೇಸಿನ್ ತುಂಬ ನೀರು ನಿಲ್ಲಿಸಿ ಒಮ್ಮೆಲೇ ಬಿಟ್ಟು ನೋಡಿ, ಪ್ರತಿ ಜೋಡಣೆಯ ಕೆಳಗೂ ಒಣ ಕಾಗದ ಹಿಡಿಯಿರಿ. ಒಂದು ವಾರ ಕಳೆದ ಮೇಲೆ ಎರಡೂ ನಟ್ಟು ಮುಟ್ಟಿ ನೋಡಬೇಕು. ನೈಲಾನ್ ವಾಷರ್ ಕೂತುಕೊಂಡು ಒಂದಿಷ್ಟು ಸಡಿಲವಾಗಿರುತ್ತದೆ, ಕೈಯಲ್ಲೇ ಬಿಗಿದರಾಯಿತು.